ವೀನಿ ಆರಿಸಿಕೊಂಡ ಎಂಜಿನ್

ಮಿಶಿಗನ್ನಿನ ಪಾಂಟಿಯಾಕ್ ಊರಿಗೆ ಬಂದು ಲುವೀನಿಯಾ ಟಾರ್ಪ್ಲಿಯ ಮನೆ ಎಲ್ಲಿ ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮಿಸ್ ವೀನಿ ಅಂದರೆ ಸಾಕು, ಚರ್ಚಿನ ಮೆಟ್ಟಿಲ ಮೇಲೆ ಕೂತವರಿಂದ ಹಿಡಿದು ಮೀನು ಕರಿಯುವ ಅಂಗಡಿಯವನ ತನಕ ಎಲ್ಲರ ಕೈಯೂ ಒಂದೇ ಕಡೆ ತಿರುಗುತ್ತದೆ. ಹಳದಿ ಬಾಗಿಲಿನ ಗ್ಯಾರೇಜು, ಅದರ ಮುಂದೊಂದು ಮರದ ಕುರ್ಚಿ, ಕುರ್ಚಿಯಲ್ಲಿ ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಎಣ್ಣೆಬಟ್ಟೆ. ಹೋಗಿ ಮಾತಾಡಿಸಿ, ತಿನ್ನಲು ಏನಾದರೂ ಕೊಡದೆ ಕಳಿಸುವವಳಲ್ಲ. ಸುಳ್ಳು ಮಾತ್ರ ಹೇಳಬೇಡಿ, ಅದರಲ್ಲೂ ಕಾರಿನ ವಿಷಯದಲ್ಲಿ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಊರಿನ ಎಂಜಿನ್ ಪ್ಲಾಂಟಿಗೆ ಸೇರಿದಳು. ಪಿಸ್ಟನ್ ಕೂರಿಸುವ ಸಾಲಿನಲ್ಲಿ ಆಗ ಹೆಂಗಸರ ಸುಳಿವೇ ಇರಲಿಲ್ಲ, ಅಲಬಾಮಾದಿಂದ ಬಂದ ಮನೆಯ ಕಪ್ಪು ಹುಡುಗಿಯಂತೂ ದೂರದ ಮಾತು. ಕ್ರಿಸ್‌ಮಸ್ಸಿನೊಳಗೆ ಅಳುತ್ತಾ ಮನೆಗೆ ಓಡುತ್ತಾಳೆ ಅಂತ ಗಂಡಸರು ಪಂತ ಕಟ್ಟಿದರು. ಕ್ರಿಸ್‌ಮಸ್ ಬಂತು, ಹೋಯಿತು. ಕೆಲಸ ಬಿಟ್ಟು ಹೋದವನು ಸಾಲಿನ ಮೇಸ್ತ್ರಿ, ಅದೂ ಸೊಂಟ ಹಿಡಿದುಕೊಂಡು. ವೀನಿ ಮಾತ್ರ ಪ್ಲಾಂಟಿನ ಬಾಗಿಲು ಮುಚ್ಚುವ ತನಕ ಅಲ್ಲೇ ನಿಂತಳು. ಎಡಗೈಯಲ್ಲಿ ಪಿಸ್ಟನ್ನಿನ ಉಂಗುರಗಳನ್ನು ಅಮುಕಿ ಹಿಡಿದು, ಬಲಗೈಯಲ್ಲಿ ಸುತ್ತಿಗೆಯ ಮರದ ಹಿಡಿಯಿಂದ ಒಂದೇ ಏಟು, ಪಿಸ್ಟನ್ ಸರಕ್ಕನೆ ಒಳಗೆ. ಒಂದು ಎಂಜಿನ್ನಿಗೆ ಎಂಟು ಸಲ. ಅವಳ ಎಡಗೈ ಹೆಬ್ಬೆರಳು ಇವತ್ತಿಗೂ ಸ್ವಲ್ಪ ಹೊರಗೆ ಬಾಗಿಕೊಂಡಿದೆ. ಅದನ್ನು ಅವಳು ಬಚ್ಚಿಡುವುದಿಲ್ಲ. ಚರ್ಚಿನಲ್ಲಿ ಹೆಂಗಸರು ಉಂಗುರ ತೋರಿಸುವಾಗ ಅವಳು ಆ ಹೆಬ್ಬೆರಳು ತೋರಿಸುತ್ತಾಳೆ.

ಆ ದುಡಿಮೆಯಲ್ಲೇ ಅವಳು ತನ್ನ ಸ್ವಂತ ಹೆಸರಿಗೆ ಒಂದು ಕಾರು ಕೊಂಡಳು. ಅರವತ್ತೇಳನೇ ಇಸವಿಯ ಲೆ ಮಾನ್ಸ್, ಎರಡು ಬಾಗಿಲಿನದು, ಕಡುನೀಲಿ. ಇದೇ ಮೈಕಟ್ಟಿನ ಜಿಟಿಓ ಅನ್ನುವ ಅಣ್ಣನೊಬ್ಬನಿದ್ದಾನೆ, ದೊಡ್ಡ ಎಂಜಿನ್ನಿನವನು, ಹೆಸರು ಮಾಡಿದವನು. ಲೆ ಮಾನ್ಸ್ ಇಟ್ಟುಕೊಂಡವರಲ್ಲಿ ಅನೇಕರು ಜಿಟಿಓದ ಅಕ್ಷರಗಳನ್ನು ತಂದು ಅಂಟಿಸಿಕೊಂಡು ಮೀಸೆ ತಿರುವುತ್ತಾರೆ. ಅಂಥವರನ್ನು ಕಂಡರೆ ವೀನಿಗೆ ಮೈಯೆಲ್ಲ ಉರಿ. ಒಮ್ಮೆ ಮಗಳು ಡೆಲ್ಫೀನ್ ಹುಟ್ಟುಹಬ್ಬಕ್ಕೆ ಅಂತ ಆ ಅಕ್ಷರಗಳನ್ನು ತಂದುಕೊಟ್ಟಾಗ, "ನನ್ನ ಕಾರಿಗೆ ಹೆತ್ತವರು ಇಟ್ಟ ಹೆಸರಿದೆ ಕಣೇ. ಪಕ್ಕದ್ಮನೆಯವರ ಹೆಸರು ಯಾಕೆ?" ಅಂತ ಡಬ್ಬಿ ಸಮೇತ ವಾಪಸ್ ಕೊಟ್ಟಿದ್ದಳು.

ಆ ಕಾರಿನ ಸ್ವಂತ ಎಂಜಿನ್ ಸತ್ತದ್ದು ಅವಳ ಗಂಡನ ಕೈಯಲ್ಲಿ. ಚಳಿಗಾಲದಲ್ಲಿ ರೇಡಿಯೇಟರಿಗೆ ಬರೀ ನೀರು ತುಂಬಿ ಬಿಟ್ಟ ಮಹಾನುಭಾವ. ಮಿಶಿಗನ್ನಿನ ಚಳಿ ಕೇಳಬೇಕೇ, ಒಳಗಿನ ನೀರು ಕಲ್ಲಾಗಿ ಎಂಜಿನ್ನಿನ ಮೈ, ಅಂದರೆ ಬ್ಲಾಕು, ಮೇಲಿಂದ ಕೆಳಗೆ ಸೀಳಿಹೋಯಿತು. ಬ್ಲಾಕು, ಗಂಡ, ಎರಡನ್ನೂ ವೀನಿ ಒಂದೇ ವರ್ಷದಲ್ಲಿ ಮನೆಯಿಂದ ಹೊರಗೆ ಹಾಕಿದಳು. ಕಾರು ಗ್ಯಾರೇಜಿನಲ್ಲಿ ಉಳಿಯಿತು. ಅದರ ಮೇಲೆ ಒಗೆಯುವ ಬಟ್ಟೆ ಬಿತ್ತು, ಕ್ರಿಸ್‌ಮಸ್ ಮರದ ಪೆಟ್ಟಿಗೆ ಕೂತಿತು, ಡೆಲ್ಫೀನಳ ಶಾಲೆಯ ಪುಸ್ತಕಗಳು ಬಂದವು. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋದಳು. ವೀನಿ ನಿವೃತ್ತಳಾದ ಮಾರನೇ ವಾರ ಆ ಗಂಟುಮೂಟೆಯನ್ನೆಲ್ಲ ಕೆಳಗಿಳಿಸಿ, ಬಾನೆಟ್ ಎತ್ತಿ, ಎಂಜಿನ್ ಇದ್ದ ಖಾಲಿ ಗುಂಡಿಯನ್ನು ನೋಡುತ್ತಾ ನಿಂತಳು. ಆಗಸ್ಟ್ ತಿಂಗಳ ವುಡ್‌ವರ್ಡ್ ರಸ್ತೆಯ ಹಳೇ ಕಾರುಗಳ ಮೆರವಣಿಗೆಗೆ ಈ ಕಾರು ತನ್ನ ಕಾಲ ಮೇಲೆ ಹೋಗಬೇಕು ಅಂತ ಅವತ್ತೇ ತೀರ್ಮಾನಿಸಿದಳು.

ಆ ಮೆರವಣಿಗೆಯ ದಿನ ಟೈರ್ ಅಂಗಡಿಯ ಮುಂದಿನ ಬಯಲಿನಲ್ಲಿ ನಮ್ಮವರ ಜಾಗಗಳು ನಿಗದಿಯಾಗಿವೆ. ಯಾರ ಮಡಿಚುವ ಕುರ್ಚಿ ಎಲ್ಲಿ ಅಂತ ಅಜ್ಜಂದಿರ ಕಾಲದಿಂದ ಗೊತ್ತು. ಕಾರು ತಂದು ನಿಲ್ಲಿಸುವುದು, ಬಾನೆಟ್ ಎತ್ತಿಡುವುದು, ಪಕ್ಕದಲ್ಲಿ ನಿಂತು ತನ್ನ ಎಂಜಿನ್ನಿನ ಕಥೆ ಹೇಳುವುದು. ಬಾನೆಟ್ ಮುಚ್ಚಿಟ್ಟವನಿಗೆ ಹೇಳಿಕೊಳ್ಳಲು ಏನೂ ಇಲ್ಲ ಅಂತ ಲೆಕ್ಕ. ಇನ್ನೊಂದು ಮರ್ಯಾದೆಯೂ ಇದೆ. ಎತ್ತಿದ ಬಾನೆಟ್ಟಿನ ಮುಂದೆ ನಿಂತವನ ಮಾತನ್ನು ಅಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಕೇಳುವುದು, ತಲೆದೂಗುವುದು, ಮುಂದಿನ ಕಾರಿಗೆ ಹೋಗುವುದು, ಅಷ್ಟೇ.

ಈ ಮರ್ಯಾದೆಯ ಪೂರಾ ಲಾಭ ಪಡೆದವನು ರಾಸ್ಕೋ ಗ್ಯಾಡಿಸ್, ವೀನಿಯ ದೊಡ್ಡಮ್ಮನ ಮಗ. ಇಬ್ಬರ ತಾಯಂದಿರೂ ಅಲಬಾಮಾದಿಂದ ಒಂದೇ ಬಸ್ಸಿನಲ್ಲಿ ಬಂದವರು, ಇಬ್ಬರೂ ಒಂದೇ ಸೂರಿನಡಿ ಬೆಳೆದವರು, ಅವನು ಅವಳಿಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ರಾಸ್ಕೋ ಕೆಲಸ ಮಾಡಿದ್ದು ಕಾರು ಜೋಡಿಸುವ ಇನ್ನೊಂದು ಪ್ಲಾಂಟಿನಲ್ಲಿ, ಸೀಟು ಹೊಲಿಯುವ ವಿಭಾಗ. ಬೆರಳಲ್ಲಿ ಬಂಗಾರದಂಥ ಕಸುಬು, ಬಾಯಲ್ಲಿ ಬೆಂಕಿ ಇಲ್ಲದೆ ಹೊಗೆ. ಅವನ ಹಸಿರು ಕ್ಯಾಟಲೀನಾ ಕಾರಿಗೆ ಅವನು ಗುಜರಿಯಿಂದ ಒಂದು ಎಂಜಿನ್ ತಂದು ಹಾಕಿಸಿದ್ದ. ನಾನೂರ ಐವತ್ತೈದು ಘನ ಅಂಗುಲದ್ದು ಅಂತ ಗುಜರಿಯವನು ಹೇಳಿದ, ನಮ್ಮೂರಿನ ಎಂಜಿನ್ನುಗಳಲ್ಲೇ ಅತಿ ದೊಡ್ಡ ಹೊಟ್ಟೆಯದು. ರಾಸ್ಕೋ ನಂಬಿದ. ನಂಬಿ ಗಾಳಿ ಸೋಸುವ ಡಬ್ಬಿಯ ಹೊಳೆಯುವ ಮುಚ್ಚಳದ ಮೇಲೆ ತನ್ನ ಕೈಯಾರೆ ಬಿಳಿ ಬಣ್ಣದಲ್ಲಿ 455 ಅಂತ ಬರೆದ.

"ಹತ್ರ ಬರಬೇಡ್ರಪ್ಪಾ, ಇದು ಕಚ್ಚುತ್ತೆ," ಅನ್ನುತ್ತಿದ್ದ ಬಯಲಿನಲ್ಲಿ. "ಪೂರ್ತಿ ಒತ್ತಿದ್ರೆ ಡೆಟ್ರಾಯಿಟಲ್ಲಿ ಇಳೀತೀರಾ. ಅದಕ್ಕೇ ಕಾಲು ಕಟ್ಟಿಟ್ಟಿದೀನಿ."

ಒಮ್ಮೆ ಸಿಗ್ನಲ್ಲಿನಲ್ಲಿ ಒಬ್ಬ ಪಾದ್ರಿ ತನ್ನ ಮನೆಮಂದಿಯನ್ನೆಲ್ಲ ತುಂಬಿಕೊಂಡಿದ್ದ ಉದ್ದನೆಯ ಸ್ಟೇಷನ್ ವ್ಯಾಗನ್ನಿನಲ್ಲಿ ಅವನನ್ನು ಹಿಂದೆ ಹಾಕಿ ಹೋದ. ಟೈರು ಜಾರಿತು ಅಂದ ರಾಸ್ಕೋ. ಅದೂ ಕಥೆಯಾಯಿತು.

ನಮ್ಮೂರಿನ ಆ ಎಂಜಿನ್ನುಗಳದ್ದೊಂದು ಗುಣ: ಚಿಕ್ಕದಿರಲಿ ದೊಡ್ಡದಿರಲಿ, ಹೊರಗಿನ ಮೈ ಹೆಚ್ಚುಕಮ್ಮಿ ಒಂದೇ ಅಳತೆ. ಒಂದೇ ಥಾನಿನಲ್ಲಿ ಮನೆ ಮಕ್ಕಳಿಗೆಲ್ಲ ಅಂಗಿ ಹೊಲಿಸಿದ ಹಾಗೆ. ಒಳಗೆಷ್ಟು ಹೊಟ್ಟೆ ಅಂತ ತಿಳಿಯಬೇಕಾದರೆ ಬ್ಲಾಕಿನ ಮೇಲೆ ಗ್ರೀಸಿನಡಿ ಹೂತಿರುವ ಗುರುತಿನ ಅಕ್ಷರಗಳನ್ನು ಓದಬೇಕು, ಇಲ್ಲವೇ ಬಿಚ್ಚಬೇಕು. ರಾಸ್ಕೋ ಓದಿದ್ದು ತಾನೇ ಬರೆದ ಮುಚ್ಚಳವನ್ನು.

ಅವನ ಪ್ಲಾಂಟು ಮುಚ್ಚಿದ ವರ್ಷ ಆ ಕಾರಿನ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಯಡಿಯ ಹಾಳೆ, ಹೋಗಿ ವೀನಿಯ ಗ್ಯಾರೇಜಿನಲ್ಲಿ ಎಂಜಿನ್ನಿನ ತಲೆ ಬಿಚ್ಚಿದರು. ಕೆಳಗೆ ಪಿಸ್ಟನ್ನುಗಳು ಕಂಡವು. ವೀನಿ ನೋಡಿದಳು. ದೊಡ್ಡ ಎಂಜಿನ್ನಿನ ಪಿಸ್ಟನ್ನಿಗೂ ಚಿಕ್ಕದರದ್ದಕ್ಕೂ ಅಗಲದಲ್ಲಿ ಕಾಲಂಗುಲದಷ್ಟು ವ್ಯತ್ಯಾಸ. ಬೇರೆಯವರಿಗೆ ಅದು ಏನೂ ಅಲ್ಲ, ಅವಳ ಕಣ್ಣಿಗೆ ಹೆತ್ತ ಮಗುವಿಗೂ ಪಕ್ಕದ ಮನೆ ಮಗುವಿಗೂ ಇರುವಷ್ಟು. ಇದು ಮುನ್ನೂರ ಐವತ್ತು, ಪಾಪದ್ದು, ಮನೆಮಂದಿಯ ಕಾರಿಗೆ ಹಾಕುತ್ತಿದ್ದದ್ದು. ಪಕ್ಕದಲ್ಲಿ ರಾಸ್ಕೋ ಕೂತಿದ್ದ. ಕೆಲಸ ಹೋಗಿತ್ತು, ಹೆಂಡತಿ ತವರಿಗೆ ಹೋಗಿದ್ದಳು, ಹೊಲಿಗೆಯ ಬೆರಳುಗಳು ಸುಮ್ಮನೆ ಮಂಡಿಯ ಮೇಲೆ ಬಿದ್ದಿದ್ದವು. "ನೋಡು ವೀನಿ, ಇದೊಂದಿದೆ ನನಗೆ. ನಾನೂರೈವತ್ತೈದು. ಇದನ್ನ ಯಾವ ಪ್ಲಾಂಟಿನವನೂ ಕಿತ್ಕೊಳ್ಳಕ್ಕಾಗಲ್ಲ," ಅಂದ. ಜಿಟಿಓ ಅಕ್ಷರಗಳನ್ನು ಡಬ್ಬಿ ಸಮೇತ ವಾಪಸ್ ಕೊಡುವ ಹೆಂಗಸು ಅವತ್ತು ಬಾಯಿ ಬಿಡಲಿಲ್ಲ. ಹೊಸ ಗ್ಯಾಸ್ಕೆಟ್ ಕೂರಿಸಿ, ತಲೆ ಮುಚ್ಚಿ, ಬೋಲ್ಟು ಬಿಗಿದಳು. ಆಮೇಲೂ ಎಂದೂ ಹೇಳಲಿಲ್ಲ. ಅವಳ ಜೀವನದಲ್ಲಿ ಕಾರಿನ ವಿಷಯದಲ್ಲಿ ಒಂದೇ ಒಂದು ಸುಳ್ಳಿಗೆ ಜಾಗವಿತ್ತು, ಅದು ಅಣ್ಣನದು.

ಈಗ ಅವಳ ಕಾರಿಗೆ ಎಂಜಿನ್ ಬೇಕು ಅಂತ ಗೊತ್ತಾದದ್ದೇ ತಡ, ಸಲಹೆಗಳು ಬಾಗಿಲಿಗೆ ಬಂದವು. ಡೆಲ್ಫೀನ್ ಮೊಬೈಲು ಹಿಡಿದು ಬಂದಳು. "ಅಮ್ಮ, ಪೆಟ್ಟಿಗೇಲಿ ಹೊಸ ಎಂಜಿನ್ ಬರುತ್ತೆ. ಕಂಪ್ಯೂಟರ್ ಸಮೇತ. ಚಳೀಲೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟು. ನಿಂಗ್ಯಾಕೆ ಈ ವಯಸ್ಸಲ್ಲಿ ಗ್ರೀಸು?"

"ಒಳ್ಳೇದೇ ಇರಬಹುದು," ಅಂದಳು ವೀನಿ. "ಆದ್ರೆ ಬಾನೆಟ್ ಎತ್ತಿ ಏನಂತ ಹೇಳ್ಲಿ? ಪೋಸ್ಟಲ್ಲಿ ಬಂತು ಅಂತಾನಾ?"

"ಸರಿ, ನಿನ್ನಿಷ್ಟ. ಕೈ ನೋಯುತ್ತೆ ಅಂತ ನಂಗೆ ಫೋನ್ ಮಾಡ್ಬೇಡ ಮತ್ತೆ."

"ಮಾಡಿದ್ರೂ ನೀನು ಎತ್ತಿದ್ರೆ ತಾನೇ."

ಆಮೇಲೆ ರಾಸ್ಕೋ ಬಂದ, ಕೋಲು ಹಿಡಿದು, ಗೋಡೆ ತಡವುತ್ತಾ. ಕಣ್ಣಿನ ನರ ಒಣಗುತ್ತಾ ಬಂದು ಅವನಿಗೆ ಈಗ ಬೆಳಕು ಮತ್ತು ನೆರಳು ಮಾತ್ರ ಕಾಣುತ್ತಿತ್ತು. ಕ್ಯಾಟಲೀನಾದ ಅಡಿಭಾಗವನ್ನು ಚಳಿಗಾಲದ ರಸ್ತೆ ಉಪ್ಪು ತಿಂದು ಹಾಕಿತ್ತು. ಕುರ್ಚಿಯಲ್ಲಿ ಕೂತು ಉಸಿರು ತಗೊಂಡು ಅಂದ: "ನನ್ನ ನಾನೂರೈವತ್ತೈದು ತಗೋ ವೀನಿ. ಕಾರು ಮುಗೀತು, ಎಂಜಿನ್ ಇನ್ನೂ ಸಿಂಹ. ನಾನಿನ್ನು ಓಡಿಸಲ್ಲ. ನಿನ್ನ ಪಕ್ಕ ಕೂತ್ಕೊಂಡು ಅದರ ಸದ್ದು ಕೇಳ್ತಾ ವುಡ್‌ವರ್ಡಲ್ಲಿ ಹೋದ್ರೆ ಸಾಕು. ಬೇರೆ ಏನೂ ಬೇಡ ನಂಗೆ."

ವೀನಿ ಕೈಯಲ್ಲಿದ್ದ ಎಣ್ಣೆಬಟ್ಟೆ ಕೆಳಗಿಟ್ಟಳು. ಬೇಡ ಅಂದರೆ ಅಣ್ಣನ ಕೊನೆಯ ಆಸೆಗೆ ಕಲ್ಲು. ತಗೊಂಡರೆ ತನ್ನ ಕಾರಿನ ಬಾನೆಟ್ಟಿನಡಿ ಸುಳ್ಳು. ತಗೊಂಡು ನಿಜ ಹೇಳಿದರೆ ಕಣ್ಣು ಕಳೆದುಕೊಂಡವನ ಕೈಲಿದ್ದ ಒಂದೇ ಒಂದು ಹೆಮ್ಮೆಯನ್ನೂ ಕಿತ್ತುಕೊಂಡ ಹಾಗೆ. "ಆಗ್ಲಿ ಬಿಡು, ತಗೊಂಡ್ ಬರೋಣ," ಅಂದಳು.

ಎಂಜಿನ್ನನ್ನು ಇಳಿಸಿದ್ದು ಲೆಮ್ಯುಯೆಲ್ ಓಕ್ಸ್‌ನ ಲೇತ್ ಅಂಗಡಿಯಲ್ಲಿ. ಲೆಮ್ಯುಯೆಲ್ ಮಾತು ಕಡಿಮೆ, ಸೀಟಿ ಜಾಸ್ತಿ. ಎಂಜಿನ್ ಸ್ಟ್ಯಾಂಡಿಗೇರಿತು, ಗ್ರೀಸು ಕೆರೆದ, ಗುರುತಿನ ಅಕ್ಷರಗಳು ಕಂಡವು, ಸೀಟಿ ನಿಂತಿತು.

"ಮಿಸ್ ವೀನಿ."

"ಗೊತ್ತು."

"ನಂಗೂ ಗೊತ್ತಿತ್ತು ಬಿಡಿ. ಸದ್ದು ಕೇಳಿದ್ರೆ ಗೊತ್ತಾಗಲ್ವಾ." ಆಮೇಲೆ ಅಂಗಡಿಯ ಮೂಲೆಗೆ ಹೋಗಿ ಒಂದು ಕಂಬಳಿ ಎಳೆದ. ಕೆಳಗೊಂದು ಬ್ಲಾಕ್ ಕೂತಿತ್ತು. "ಇದು ನಿಜವಾದ್ದು. ನಾನೂರೈವತ್ತೈದು. ಒಂದು ಡಂಪ್ ಯಾರ್ಡಿನಿಂದ ತಂದಿದ್ದು, ಗೀರಿಲ್ಲ, ಬಿರುಕಿಲ್ಲ. ಹೊರಗಿಂದ ಎರಡೂ ಒಂದೇ. ಇದನ್ನ ಹಾಕಿ, ಅವನದನ್ನ ನಾನಿಲ್ಲೇ ಇಟ್ಕೋತೀನಿ. ಅವನಿಗೆ ಕಾಣಲ್ಲ. ಬಯಲಲ್ಲಿ ಯಾರೂ ಕೇಳಲ್ಲ. ಅವನು ಹೇಳಿದ್ದು ಇಷ್ಟು ವರ್ಷದ ಮೇಲೆ ನಿಜ ಆಗುತ್ತೆ. ನಿಮ್ಮ ಕಾರೂ ಹಾರುತ್ತೆ."

ಆಸೆ ಅಂದರೆ ಅದು. ವೀನಿ ಬ್ಲಾಕಿನಲ್ಲಿ ಪಿಸ್ಟನ್ ಕಳಚಿಟ್ಟಿದ್ದ ತೂತಿನೊಳಗೆ ಕೈಯಿಟ್ಟಳು, ಮುಷ್ಟಿ ಆರಾಮಾಗಿ ತಿರುಗಿತು. ಎಂಥ ಎಂಜಿನ್! ಇದನ್ನು ಹಾಕಿದರೆ ಪಾದ್ರಿಯ ವ್ಯಾಗನ್ ಯಾಕೆ, ಜಿಟಿಓಗಳನ್ನೇ ಹಿಂದೆ ಹಾಕಬಹುದು. ಕಾರಿಗೂ ಒಳ್ಳೆಯದು, ಅಣ್ಣನಿಗೂ ಒಳ್ಳೆಯದು, ಯಾರಿಗೂ ನಷ್ಟವಿಲ್ಲ. ಅವತ್ತು ಮನೆಗೆ ಹೋಗಿ ಮಾಡಿದ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು.

ಮನಸ್ಸು ಹೆಚ್ಚುಕಮ್ಮಿ ಒಪ್ಪಿಬಿಟ್ಟಿತ್ತು. ಆದರೆ ಮರುದಿನ ಅಂಗಡಿಗೆ ಹೋದಾಗ ರಾಸ್ಕೋ ಆಗಲೇ ಬಂದು ಕೂತಿದ್ದ. ಕುರ್ಚಿಯನ್ನು ಸ್ಟ್ಯಾಂಡಿಗೆ ಅಂಟಿಸಿ ಕೂತು, ತನ್ನ ಎಂಜಿನ್ನಿನ ಪಕ್ಕೆಯ ಮೇಲೆ ಅಂಗೈಯಿಟ್ಟಿದ್ದ, ದನದ ಮೈದಡವುವವನ ಹಾಗೆ. "ಇಲ್ಲಿ ನೋಡು ವೀನಿ, ಈ ಬೋಲ್ಟು ತುಂಡಾಗಿದ್ದು ನಿನ್ನ ಗ್ಯಾರೇಜಲ್ಲಿ, ನೆನಪಿದ್ಯಾ? ನೀನು ನನ್ನ ತಲೆಗೆ ಬಟ್ಟೇಲಿ ಹೊಡೆದಿದ್ದೆ." ಬೆರಳುಗಳು ಮುರಿದ ಬೋಲ್ಟಿನ ಮೇಲೆ ನಿಂತಿದ್ದವು. ಅವನು ಸದ್ದು ಕೇಳಬೇಕು ಅಂದದ್ದು ಇದರದು. ಬೇರೆ ಎಂಜಿನ್ನನ್ನು ಕೂರಿಸಿ, ಕುರುಡನಾದ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದೇ ನಿನ್ನದು ಅನ್ನುವುದೇ? ಥೂ ಅನ್ನಿಸಿತು ಅವಳಿಗೆ ತನ್ನ ಮೇಲೆ. ಇಲ್ಲಿಯ ತನಕ ಸುಳ್ಳು ಅವನದಾಗಿತ್ತು, ಅದೂ ಅವನಿಗೆ ಗೊತ್ತಿಲ್ಲದೆ ಹೇಳಿದ್ದು. ಇನ್ನು ಮುಂದೆ ತನ್ನದಾಗುತ್ತಿತ್ತು, ಗೊತ್ತಿದ್ದೂ ಹೇಳಿದ್ದು.

ಹೇಗೆ ಹೇಳುವುದು? ಪಿಸ್ಟನ್ ಹೆಂಗಸು ಪಿಸ್ಟನ್ನಿನಿಂದಲೇ ಹೇಳಿದಳು. ಅವನ ಎಂಜಿನ್ನಿನಿಂದ ಒಂದನ್ನು ಕಳಚಿ, ಲೆಮ್ಯುಯೆಲ್‌ನ ದೊಡ್ಡ ಎಂಜಿನ್ನಿನದ್ದೊಂದನ್ನು ತಂದು, ಎರಡನ್ನೂ ಒರೆಸಿ ಅವನ ಎರಡು ಅಂಗೈಗಳ ಮೇಲೆ ಇಟ್ಟಳು. ಲೆಮ್ಯುಯೆಲ್ ಏನೋ ನೆನಪಾದವನಂತೆ ಕಾಫಿ ತರಲು ಹೊರಗೆ ಹೋದ.

ರಾಸ್ಕೋ ನಕ್ಕ. "ಏನಿದು, ತರಕಾರಿ ತೂಕ ಹಾಕಿಸ್ತಿದೀಯಾ?" ಆಮೇಲೆ ಬೆರಳುಗಳು ಕೆಲಸಕ್ಕಿಳಿದವು. ಜೀವಮಾನವಿಡೀ ಹೊಲಿಗೆಯ ಅಂಚು ಅಳೆದ ಬೆರಳುಗಳು. ಒಂದರ ಸುತ್ತ ಹೋದವು, ಇನ್ನೊಂದರ ಸುತ್ತ ಹೋದವು, ಮತ್ತೆ ಮೊದಲನೆಯದಕ್ಕೆ ಬಂದವು. ನಗು ಇಳಿಯಿತು.

"ಒಂದು ದೊಡ್ಡದು."

"ಹೂಂ."

"ನಂದ್ಯಾವ್ದು?"

ವೀನಿ ಅವನ ಎಡಗೈಯನ್ನು, ಚಿಕ್ಕ ಪಿಸ್ಟನ್ ಇದ್ದ ಕೈಯನ್ನು, ತನ್ನ ಕೈಯಲ್ಲಿ ಹಿಡಿದಳು.

"ಎಷ್ಟಿದು?"

"ಮುನ್ನೂರೈವತ್ತು."

"ಯಾವತ್ತಿಂದ ಗೊತ್ತು ನಿಂಗೆ?"

"ಗ್ಯಾಸ್ಕೆಟ್ ಹಾಕಿದ ದಿನದಿಂದ."

"ಅಷ್ಟು ವರ್ಷ ನನ್ನ ಬಾಯಿ ಬಡ್ಕೊಳ್ಳಕ್ಕೆ ಬಿಟ್ಟೆ! ಬಯಲಲ್ಲಿ ನಿಂತು... ನಮ್ಮ ಚರ್ಚಿನ ಪೆಟ್‌ವೇ ಮುಂದೆ... ಅವರು ಎಂಜಿನ್ ಪರೀಕ್ಷೆ ಮಾಡೋ ಕಡೆ ಇದ್ದವರು. ಅವರಿಗೂ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. "ಬಯಲಲ್ಲಿ ಅರ್ಧಕ್ಕರ್ಧ ಜನ ಎಂಜಿನ್ ಪ್ಲಾಂಟಿನವರು ರಾಸ್ಕೋ. ಕಿವಿ ಇದ್ದವರಿಗೆಲ್ಲ ಗೊತ್ತಿತ್ತು," ಅಂದಳು.

"ಎಲ್ಲಾ ನಗ್ತಿದ್ರಿ ಹಾಗಾದ್ರೆ. ಹಿಂದಿಂದ."

"ನಕ್ಕಿದ್ರೆ ನಾನು ಬಿಡ್ತಿದ್ನಾ?" ಅವಳ ದನಿ ಏರಿತು. "ಒಬ್ಬ ನಕ್ಕಿದ್ರೂ ಅವನ ಕುರ್ಚಿ ರಸ್ತೆ ಮಧ್ಯ ಇರ್ತಿತ್ತು. ಗೊತ್ತಿದ್ದೂ ನಿನ್ನ ಕಾರಿನ ಹತ್ರ ಬರ್ತಿದ್ರು ಕಣೋ, ನಿನ್ನ ಬಾಯಿಂದ ಕೇಳೋಕ್ಕೆ. ನಿಜವಾದ ನಾನೂರೈವತ್ತೈದು ಇದ್ದವನ ಹತ್ರ ನೊಣಾನೂ ಇರ್ತಿರ್ಲಿಲ್ಲ."

ರಾಸ್ಕೋ ಎರಡೂ ಪಿಸ್ಟನ್ನುಗಳನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಕೋಲು ಹುಡುಕಿ ಎದ್ದ. "ಮನೆಗೆ ಬಿಡು," ಅಂದ. ಆ ಭಾನುವಾರ ಚರ್ಚಿನಲ್ಲಿ ಚಿಕ್ಕಂದಿನಿಂದ ವೀನಿಯ ಪಕ್ಕ ಕೂತ ಬೆಂಚು ಬಿಟ್ಟು ಹಿಂದಿನ ಸಾಲಿನಲ್ಲಿ ಕೂತ. ಪಾದ್ರಿ ಪ್ರಾರ್ಥನೆಯಲ್ಲಿ ಏನು ಹೇಳಿದರೋ ವೀನಿಯ ಕಿವಿಗೆ ಬೀಳಲೇ ಇಲ್ಲ. ತಪ್ಪು ಮಾಡಿದೆನೇನೋ ಅಂತ ಅವಳಿಗೆ ಬದುಕಿನಲ್ಲಿ ಅಷ್ಟು ಬಲವಾಗಿ ಎಂದೂ ಅನ್ನಿಸಿರಲಿಲ್ಲ.

ಆದರೂ ಎಂಜಿನ್ ಆರಿಸುವುದನ್ನು ಅವಳು ಮುಂದಕ್ಕೆ ಹಾಕಲಿಲ್ಲ. ಸೋಮವಾರ ಲೆಮ್ಯುಯೆಲ್‌ನ ಅಂಗಡಿಗೆ ಹೋಗಿ, "ಕಂಬಳಿ ಹೊದಿಸು ಅದಕ್ಕೆ. ನಂಗೆ ಮುನ್ನೂರೈವತ್ತೇ ಸಾಕು," ಅಂದಳು.

"ಅವನು ಮಾತು ಬಿಟ್ಟಿದಾನಂತೆ?"

"ಬಿಟ್ರೆ ಬಿಡ್ಲಿ. ಎಂಜಿನ್ ನಮ್ಮನೇದು. ಅದಕ್ಕೆ ಅದರ ಹೆಸರು ಕೊಟ್ಟು ರಸ್ತೆಗೆ ಬಿಡ್ತೀನಿ."

ಲೆಮ್ಯುಯೆಲ್ ತೂತುಗಳನ್ನು ಕೂದಲೆಳೆಯಷ್ಟು ಕೊರೆದು ನುಣುಪು ಮಾಡಿದ, ಅದಕ್ಕೆ ಹೊಂದುವ ಹೊಸ ಪಿಸ್ಟನ್ನುಗಳು ಬಂದವು. ಕೂರಿಸುವ ಕೆಲಸ ಮಾತ್ರ ವೀನಿ ಯಾರಿಗೂ ಕೊಡಲಿಲ್ಲ. ಮೊದಲನೆಯದನ್ನು ತೂತಿನ ಬಾಯಿಗಿಟ್ಟು, ಉಂಗುರ ಅಮುಕಿ, ಸುತ್ತಿಗೆಯ ಹಿಡಿಯಿಂದ ಒಂದೇಟು ಕೊಟ್ಟಳು. ಸರಕ್ಕನೆ ಒಳಗೆ. ಬಾಗಿದ ಹೆಬ್ಬೆರಳು ನೋಯಿತು, ಆ ನೋವು ಹಳೆಯ ಗೆಳತಿ ಸಿಕ್ಕಿದಷ್ಟು ಖುಷಿ ಕೊಟ್ಟಿತು. ಪ್ಲಾಂಟಿನಲ್ಲಿ ಕೂರಿಸಿದ ಎಂಜಿನ್ನುಗಳೆಲ್ಲ ಎಲ್ಲೆಲ್ಲಿಗೋ ಹೋಗಿದ್ದವು, ಯಾರ್ಯಾರದೋ ಆಗಿದ್ದವು. ತನಗಾಗಿ ಪಿಸ್ಟನ್ ಕೂರಿಸಿದ್ದು ಇದೇ ಮೊದಲು.

ನಾಲ್ಕನೆಯದು ಮುಗಿಯುವಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ರಾಸ್ಕೋ ನಿಂತಿದ್ದ, ಕಂಕುಳಲ್ಲಿ 455 ಬರೆದ ಮುಚ್ಚಳ.

"ಸೀಟು ಯಾರು ಹೊಲೀತಿದಾರೆ ನಿನ್ನ ಕಾರಿಗೆ?" ಅಂದ ಬಿಗಿಯಾಗಿ.

"ಯಾರೂ ಇಲ್ಲ. ಹರಿದೇ ಇದೆ."

"ಹರಿದ ಸೀಟಲ್ಲಿ ನಾನು ಕೂರಲ್ಲ. ಬಿಚ್ಚಿ ಕಳಿಸು. ಬಿಳೀ ರೆಕ್ಸಿನ್, ಜೋಡಿ ಹೊಲಿಗೆ. ಕಣ್ಣು ಹೋಗಿದೆ, ಕೈ ಹೋಗಿಲ್ಲ." ಆಮೇಲೆ, "ಯಾವ ಎಂಜಿನ್ ಹಾಕ್ತಿದೀಯಾ?" ಅಂದ.

"ನಿಂದು."

"ಹುಚ್ಚಿ. ಅವತ್ತು ಕೈಗೆ ಕೊಟ್ಟ ದೊಡ್ಡ ಪಿಸ್ಟನ್ನಿಂದು ಇಲ್ಲೇ ಇರ್ಬೇಕಲ್ಲ, ಹಾಕ್ಕೋಬಾರ್ದಾ?"

"ದೊಡ್ಡದರ ಕಥೆ ನಂಗೆ ಗೊತ್ತಿಲ್ಲ. ಇದರದ್ದು ಗೊತ್ತು. ಮುಚ್ಚಳ ಯಾಕೆ ತಂದೆ?"

"ಕೊಡೋಕ್ಕೆ ತಂದೆ," ಅಂದ ರಾಸ್ಕೋ. "ಬೇಡ್ವಾ?"

"ನನ್ನ ಕಾರಿನ ಮೇಲೆ ಅದು ಕೂರಲ್ಲ ಅಣ್ಣಾ."

ಅವನು ಮುಚ್ಚಳವನ್ನು ಮತ್ತೆ ಕಂಕುಳಿಗೆ ಸೇರಿಸಿದ. "ಗೊತ್ತಿತ್ತು. ಕೇಳಿ ನೋಡಿದೆ," ಅಂದು, ಸ್ಟ್ಯಾಂಡ್ ತಡವಿ ಬಂದು, ಐದನೆಯ ಪಿಸ್ಟನ್ನನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟ.

ಆಗಸ್ಟ್ ಶನಿವಾರ. ಕಡುನೀಲಿ ಲೆ ಮಾನ್ಸ್ ವುಡ್‌ವರ್ಡ್ ರಸ್ತೆಗೆ ಇಳಿದಾಗ ಬಿಸಿಲು ಕಾರಿನ ಮೈಮೇಲೆ ನಿಲ್ಲದೆ ಜಾರುತ್ತಿತ್ತು. ವೀನಿ ಭಾನುವಾರದ ಟೋಪಿ ಹಾಕಿಕೊಂಡಿದ್ದಳು. ಪಕ್ಕದಲ್ಲಿ ರಾಸ್ಕೋ, ತಾನೇ ಹೊಲಿದ ಬಿಳಿ ಸೀಟಿನಲ್ಲಿ, ಕಿಟಕಿಯ ಹೊರಗೆ ಮೊಣಕೈ ಚಾಚಿ. ಹಿಂದೆ ಡೆಲ್ಫೀನ್, ಮಡಿಲಲ್ಲಿ ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು, ಪೆಟ್ಟಿಗೆಯ ಎಂಜಿನ್ನಿನ ಮಾತೆತ್ತದೆ. ಎಂಜಿನ್ ಗುಡುಗುತ್ತಿರಲಿಲ್ಲ. ಒಂದೇ ಶ್ರುತಿಯಲ್ಲಿ, ಎಲ್ಲೂ ಮುಗ್ಗರಿಸದೆ ಹಾಡಿಕೊಂಡು ಹೋಗುತ್ತಿತ್ತು. ರಾಸ್ಕೋ ಉದ್ದಕ್ಕೂ ಅದನ್ನೇ ಕೇಳುತ್ತಾ ಕೂತಿದ್ದ. ಅವನು ಇಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ವೀನಿ ಕಂಡದ್ದು ಅದೇ ಮೊದಲು.

ಟೈರ್ ಅಂಗಡಿಯ ಬಯಲಿನಲ್ಲಿ ತಮ್ಮ ಜಾಗದಲ್ಲಿ ನಿಲ್ಲಿಸಿ ವೀನಿ ಬಾನೆಟ್ ಎತ್ತಿದಳು. ಜನ ಬಂದರು. ಸೋಸುವ ಡಬ್ಬಿಯ ಮೇಲೆ ಬರೀ ಕಪ್ಪು ಮುಚ್ಚಳ, ಅದರ ಮೇಲೊಂದು ಅಕ್ಷರವಿಲ್ಲ. ಹಾಲಿಸ್ ಪೆಟ್‌ವೇ ತನ್ನ ಕುರ್ಚಿಯಿಂದ ಎದ್ದು ಬಂದರು. ಎಂಬತ್ತರ ಮುದುಕ, ಚರ್ಚಿನ ಹಿರಿಯರು, ಎಂಜಿನ್ ಪ್ಲಾಂಟಿನ ಪರೀಕ್ಷೆಯ ಕೋಣೆಯಲ್ಲಿ ಜೀವ ಸವೆಸಿದವರು. ಬಗ್ಗಿ ಸದ್ದು ಕೇಳಿದರು. ಅವರಿಗೆ ಗೊತ್ತಾಗದೇ ಇರುವುದುಂಟೇ? ಆದರೂ ಹಳೆಯ ಮರ್ಯಾದೆ ಬಿಡದೆ, ಎಲ್ಲರಿಗೂ ಕೇಳುವಂತೆ ಅಂದರು: "ಓಹೋ, ನಿನ್ನ ನಾನೂರೈವತ್ತೈದು ಈ ಮನೆ ಸೇರಿತಾ ರಾಸ್ಕೋ?"

ವೀನಿಯ ಕೈ ಟೋಪಿಯ ಅಂಚಿಗೆ ಹೋಯಿತು. ಹೂಂ ಅನ್ನಲಿ ಬಿಡು, ಅಂದುಕೊಂಡಳು. ಹೂಂ ಅಂದರೂ ಇವತ್ತು ನಾನು ಬಾಯಿ ತೆರೆಯುವುದಿಲ್ಲ.

ರಾಸ್ಕೋ ಕೋಲೂರಿ ನೆಟ್ಟಗೆ ನಿಂತ. ಸದ್ದು ಬರುವ ಕಡೆಗೆ ಅಂಗೈ ಚಾಚಿ, ಬಾನೆಟ್ಟಿನ ಅಂಚು ಹಿಡಿದ.

"ಮುನ್ನೂರೈವತ್ತು, ಮಿಸ್ಟರ್ ಪೆಟ್‌ವೇ. ಅಕ್ಷರ ಓದ್ಕೊಳ್ಳಿ, ಒರೆಸಿಟ್ಟಿದೀವಿ. ನಾನು ತಿಳಿಯದೆ ಇಷ್ಟು ವರ್ಷ ಬೇರೆ ಹೇಳ್ತಿದ್ದೆ. ನೀವೆಲ್ಲ ತಿಳಿದೂ ಕೇಳ್ತಿದ್ರಿ."

ಪೆಟ್‌ವೇ ಮತ್ತೆ ಬಗ್ಗಿ ಅಕ್ಷರ ಓದಿದರು.

"ಹೊಟ್ಟೆ ಚಿಕ್ಕದು," ಅಂದ ರಾಸ್ಕೋ, ಅವನ ದನಿ ಈಗ ತನ್ನ ಹಳೆಯ ಎತ್ತರಕ್ಕೆ ಏರಿತು. "ಆದ್ರೆ ಇದರ ಎಂಟು ಪಿಸ್ಟನ್ನೂ ಕೂರಿಸಿದವಳು ಲುವೀನಿಯಾ ಟಾರ್ಪ್ಲಿ, ನನ್ನ ತಂಗಿ. ಇಂಥದ್ದು ಇನ್ನೊಂದು ಇದ್ರೆ ಈ ಬಯಲಲ್ಲಿ ಯಾರಾದ್ರೂ ಬಾನೆಟ್ ಎತ್ರಪ್ಪಾ, ನೋಡೋಣ!"

ಯಾರೂ ಅಲ್ಲಗಳೆಯಲಿಲ್ಲ. ಪೆಟ್‌ವೇ ತಮ್ಮ ಟೋಪಿ ತೆಗೆದು ಎದೆಗಿಟ್ಟುಕೊಂಡರು. ಹಾಗೆ ಅವರು ಟೋಪಿ ತೆಗೆಯುವುದು ಚರ್ಚಿನೊಳಗೆ ಮಾತ್ರ. ಆಮೇಲೆ ವೀನಿಯ ಬಾಗಿದ ಹೆಬ್ಬೆರಳಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

"ಅಂದಹಾಗೆ," ಹಿಂದಿನಿಂದ ಲೆಮ್ಯುಯೆಲ್ ಕೂಗಿದ, "ಆ ಪಾದ್ರಿ ವ್ಯಾಗನ್ನು?"

"ಟೈರಿನ ತಪ್ಪಲ್ಲ ಅದು," ಅಂದ ರಾಸ್ಕೋ. ಬಯಲಿಗೆ ಬಯಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಎಲ್ಲರಿಗಿಂತ ಜೋರಾಗಿ ಅವನೇ.

ಮಧ್ಯಾಹ್ನ ಡೆಲ್ಫೀನ್ ಮಾವನಿಗೆ ಊಟ ಬಡಿಸಿ ತಂದಳು. ಹಂದಿಯ ಪಕ್ಕೆ, ಸೊಪ್ಪಿನ ಪಲ್ಯ, ಆಲೂಗಡ್ಡೆ ಸಲಾಡು. ರಾಸ್ಕೋ ತಿನ್ನುತ್ತಾ ಹೊಸ ಜನಕ್ಕೆ ಮುನ್ನೂರೈವತ್ತರ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದ, ಅದು ಆಗಲೇ ಸ್ವಲ್ಪ ಬೆಳೆದಿತ್ತು. ಮಡಿಲಲ್ಲಿದ್ದ 455ರ ಮುಚ್ಚಳವನ್ನು ಅಂಗಾತ ಹಿಡಿದು, ತಿಂದ ಮೂಳೆಗಳನ್ನು ಅದರೊಳಗೆ ಹಾಕುತ್ತಿದ್ದ. ವೀನಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಎತ್ತಿದ ತನ್ನ ಬಾನೆಟ್ಟನ್ನು ಸಂಜೆಯ ತನಕ ನೋಡುತ್ತಿದ್ದಳು.